ಲೋಹವಿಜ್ಞಾನಿ ಬ್ರಹ್ಮಪ್ರಕಾಶ್

ನರಗುಂದ, ರೋಣ, ಗಜೇಂದ್ರಗಡಗಳ ಹೊಲಗಳಲ್ಲಿ ದಿನವಿಡೀ ದುಡಿಯುವ ಟ್ರ್ಯಾಕ್ಟರನ್ನು ನೀವು ನೋಡಿದ್ದೀರಿ. ಅದರ ಎಂಜಿನ್ನಿನೊಳಗೆ ಹೊಗೆಯನ್ನು ಹೊರಬಿಡುವ ಕವಾಟವೊಂದಿದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ನಿಮಿಷಕ್ಕೆ ನೂರಾರು ಸಲ ತೆರೆದು ಮುಚ್ಚುತ್ತದೆ. ಸಾಮಾನ್ಯ ಉಕ್ಕಾದರೆ ಮೆತ್ತಗಾಗಿ, ಕಿಟ್ಟಗಟ್ಟಿ ಹಾಳಾಗುತ್ತದೆ. ಉಕ್ಕಿಗೆ ಕ್ರೋಮಿಯಂ ಬೆರೆಸಿದಾಗ ಮೇಲೆ ತೆಳುವಾದ ಆಕ್ಸೈಡಿನ ಪೊರೆ ಮೂಡಿ ಒಳಗಿನ ಲೋಹವನ್ನು ಕಾಯುತ್ತದೆ. ನಿಕಲ್ ಬೆರೆತರೆ ಕಾವಿನಲ್ಲಿಯೂ ಬಲ ಕುಂದದು. ಜೆಟ್ ವಿಮಾನದ ಎಂಜಿನ್ನಿನ ಅಲಗುಗಳಿಗೆ ಇಂಥ ಉಕ್ಕೂ ಸಾಲದು. ಅಲ್ಲಿ ನಿಕಲ್ಲೇ ಪ್ರಧಾನವಾದ ಮಿಶ್ರಲೋಹಗಳು ಬೇಕು. ಇಂತಹ ಲೋಹಗಳು ಭಾರತದಲ್ಲಿಯೇ ತಯಾರಾಗಬೇಕೆಂದು ಶ್ರಮಿಸಿದವರಲ್ಲಿ ಡಾ. ಬ್ರಹ್ಮಪ್ರಕಾಶರು ಅಗ್ರಗಣ್ಯರು.

1912ರಲ್ಲಿ ಲಾಹೋರಿನಲ್ಲಿ ಜನಿಸಿದ ಅವರು ಮೊದಲು ಓದಿದ್ದು ರಸಾಯನಶಾಸ್ತ್ರವನ್ನು. ಅನಂತರ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಲೋಹವಿಜ್ಞಾನವನ್ನು ಅಭ್ಯಸಿಸಿದರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ.

1957ರಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರ ಅವರನ್ನು ಕರೆಯಿತು. ಅಲ್ಲಿ ಎದುರಾದುದು ಶುದ್ಧಿಯ ಸಮಸ್ಯೆ. ರಿಯಾಕ್ಟರಿನ ಇಂಧನವನ್ನು ತುಂಬುವ ಕೊಳವೆಗಳಿಗೆ ಜಿರ್ಕೋನಿಯಂ ಬೇಕು. ಕೇರಳದ ಕಡಲತೀರದ ಮರಳಿನಲ್ಲಿ ಅದು ದೊರೆಯುತ್ತದೆ, ನಿಜ. ಆದರೆ ಅದರೊಡನೆ ಅವಳಿಯಂತೆ ಹಾಫ್ನಿಯಂ ಸೇರಿಕೊಂಡಿರುತ್ತದೆ. ಗುಣದಲ್ಲಿ ಎರಡೂ ಒಂದೇ ತೆರನಾದರೂ ಹಾಫ್ನಿಯಂ ನ್ಯೂಟ್ರಾನುಗಳನ್ನು ನುಂಗಿಬಿಡುವುದರಿಂದ ಅದನ್ನು ಬೇರ್ಪಡಿಸಲೇಬೇಕು. ಬ್ರಹ್ಮಪ್ರಕಾಶರೂ ಅವರ ಸಹೋದ್ಯೋಗಿಗಳೂ ಈ ಕಠಿಣ ವಿದ್ಯೆಯನ್ನು ಸಾಧಿಸಿದರು. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣವು ಈ ಸಾಧನೆಯ ಫಲ.

ಎಂಜಿನ್ನಿನ ಲೋಹಗಳ ಚಿಂತೆ ಉಳಿದೇ ಇತ್ತು. ಕೈಯಲ್ಲಿ ಹಣವಿದ್ದರೂ ಹೊರದೇಶದವರು ಮಾರಲೊಲ್ಲೆವೆಂದರೆ ವಿಮಾನ ನೆಲದಲ್ಲೇ ನಿಲ್ಲಬೇಕು! 1973ರಲ್ಲಿ ಹೈದರಾಬಾದಿನಲ್ಲಿ ಮಿಶ್ರಧಾತು ನಿಗಮವು ಸ್ಥಾಪನೆಗೊಳ್ಳಲು ಅವರು ದುಡಿದುದು ಈ ಕಾರಣದಿಂದ. ಗಾಳಿಯ ಆಮ್ಲಜನಕ, ಸಾರಜನಕಗಳು ಸೋಂಕದಂತೆ ನಿರ್ವಾತ ಕುಲುಮೆಗಳಲ್ಲಿ ಲೋಹವನ್ನು ಕರಗಿಸುವ ಕಾರ್ಖಾನೆಯದು. ಜೆಟ್ ಎಂಜಿನ್ನುಗಳ ಮಿಶ್ರಲೋಹವಲ್ಲದೆ ರಾಕೆಟ್ಟುಗಳ ಹೊರಕವಚದ ಬಲಿಷ್ಠ ಉಕ್ಕೂ ಅಲ್ಲಿ ಸಿದ್ಧವಾಗುತ್ತದೆ.

ಆ ವೇಳೆಗೆ ಅವರು ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಪ್ರಥಮ ನಿರ್ದೇಶಕರಾಗಿದ್ದರು. 1979ರ ಆಗಸ್ಟ್ ತಿಂಗಳಿನಲ್ಲಿ ಎಸ್.ಎಲ್.ವಿ.-3 ರಾಕೆಟ್ಟು ಕಡಲಿಗೆ ಬಿದ್ದಾಗ, ಎದೆಗುಂದಿದ ಅಬ್ದುಲ್ ಕಲಾಮರಿಗೆ ಧೈರ್ಯ ತುಂಬಿದವರು ಈ ಮಿತಭಾಷಿ ಹಿರಿಯರೇ. ಮರುವರ್ಷ ಜುಲೈಯಲ್ಲಿ ಅದೇ ಬಗೆಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಬ್ರಹ್ಮಪ್ರಕಾಶರು 1984ರ ಜನವರಿ 3ರಂದು ನಿಧನರಾದರು. ಮಿಶ್ರಧಾತು ನಿಗಮದ ನೌಕರರ ಬಡಾವಣೆಯಲ್ಲಿರುವ ಶಾಲೆಗೆ ಅವರ ಹೆಸರನ್ನಿಡಲಾಗಿದೆ.