ಜೋಳದ ಮಿಡತೆಗೆ ಹೆಸರಾದ ಡಾ. ಕೋಲ್ಮನ್

ಮಳೆ ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಗೊನೆಗಳಿಗೆ ಮದ್ದು ಬಿಡುವುದು ನಮ್ಮ ತೋಟಗಳ ವಾಡಿಕೆ. ಅಡಿಕೆಗೆ ಈ ಮದ್ದನ್ನು ಹೊಂದಿಸಿಕೊಟ್ಟವರು ಡಾ. ಲೆಸ್ಲಿ ಕೋಲ್ಮನ್ ಎಂಬುದನ್ನು ಹಿರಿಯ ಕೃಷಿಕರು ಬಲ್ಲರು. ಆದರೆ ಹುಳು ಹುಪ್ಪಟೆಗಳ ಬಾಲ್ಯಾವಸ್ಥೆಯನ್ನು ಹೊಲದಲ್ಲೇ ನಿಂತು ಅಭ್ಯಾಸ ಮಾಡಿದವರೂ ಅವರೇ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ. ಟೊರಾಂಟೋದಲ್ಲೂ ಜರ್ಮನಿಯ ಗಟ್ಟಿಂಗನ್‌ನಲ್ಲೂ ವ್ಯಾಸಂಗ ಮುಗಿಸಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಬೆಳೆಯ ರೋಗ, ಬೆಳೆಯ ಕೀಟ ಎರಡನ್ನೂ ನೋಡಿಕೊಳ್ಳುವ ಹೊಣೆ ಅವರ ಪಾಲಿಗೆ ಬಂತು.

ಆಗ ಚಿತ್ರದುರ್ಗದ ಬಯಲುಸೀಮೆಯಲ್ಲಿ ಜೋಳದ ಬೆಳೆಯನ್ನು ಒಂದು ಮಿಡತೆ ತಿಂದು ಹಾಕುತ್ತಿತ್ತು. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೂ ಅದೇ ಗೋಳು. ಈಗ ಆಂಧ್ರಕ್ಕೆ ಸೇರಿರುವ ರಾಯದುರ್ಗ ಅಂದು ಬಳ್ಳಾರಿಯ ತಾಲೂಕು. ಮಡಕಶಿರಾ, ಅದರ ರತ್ನಗಿರಿ ಕೋಟೆಯ ಸೀಮೆ ಅನಂತಪುರ ಜಿಲ್ಲೆಯಲ್ಲಿದ್ದವು. ಈ ಊರುಗಳೆಲ್ಲ ಮದರಾಸು ಪ್ರಾಂತದವು, ಗಡಿಯಾಚೆ ಮೈಸೂರು. ಎರಡೂ ಕಡೆ ಮಾತು ಕನ್ನಡವೇ; ಹುಳುವಿಗಂತೂ ಗಡಿಯೇ ಇಲ್ಲ. ಜೋಳ ಹೋದರೆ ಆ ವರ್ಷ ಮನೆಯಲ್ಲಿ ರೊಟ್ಟಿಯಿಲ್ಲ, ದನಕ್ಕೆ ಸೊಪ್ಪೆಯಿಲ್ಲ.

ಚಿಟ್ಟೆಗೆ ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಕೀಟ ಎಂದು ನಾಲ್ಕು ಅವಸ್ಥೆಗಳು. ಮಿಡತೆಗೆ ಕೋಶಾವಸ್ಥೆ ಇಲ್ಲ. ಮೊಟ್ಟೆಯೊಡೆದು ಬಂದ ಮರಿ ತಾಯಿಯದೇ ರೂಪದ್ದು. ಹಲವು ಸಲ ಪೊರೆ ಬಿಡುತ್ತಾ ದೊಡ್ಡದಾಗುತ್ತದೆ. ಜೋಳದ ಮಿಡತೆಯ ವಿಶೇಷವೆಂದರೆ, ಪ್ರಾಯಕ್ಕೆ ಬಂದ ಮೇಲೂ ಅದಕ್ಕೆ ಹಾರುವ ರೆಕ್ಕೆಯಿಲ್ಲ. ವರ್ಷಕ್ಕೆ ಒಂದೇ ಸಂತಾನ. ಬೆಳೆ ಮಾಗುವ ಹೊತ್ತಿಗೆ ನೆಲದೊಳಗಿಟ್ಟ ಮೊಟ್ಟೆಗಳು ಬೇಸಿಗೆಯನ್ನೆಲ್ಲ ಮಣ್ಣಿನಲ್ಲೇ ಕಳೆದು ಮುಂಗಾರು ಬಿದ್ದ ಮೇಲೆ ಒಡೆಯುತ್ತವೆ.

ಉಪಾಯವೂ ಇದರೊಳಗೇ ಇತ್ತು. ಹಾರಲಾರದ ಶತ್ರುವನ್ನು ಅದು ಮರಿಯಾಗಿರುವಾಗಲೇ ಹಿಡಿಯಬೇಕು. ಪೈರಿನ ಮೇಲೆ ಬಟ್ಟೆಯ ಚೀಲಬಲೆಯನ್ನು ಎಳೆದು ಮರಿಗಳನ್ನು ರಾಶಿಯಾಗಿ ಹಿಡಿಯುವ ಕ್ರಮ ಹೀಗೆ ಬಂತು. ಸ್ಪೇನಿನ ವಿದ್ವಾಂಸ ಬೊಲಿವಾರ್ 1910ರಲ್ಲಿ ಈ ಮಿಡತೆಗೆ ಶಾಸ್ತ್ರೀಯವಾಗಿ ಕೋಲ್ಮೇನಿಯಾ ಎಂದೇ ಹೆಸರಿಟ್ಟರು. ಕೋಲ್ಮನ್ನರ ಕೀಟಶಾಸ್ತ್ರದ ಕೆಲಸಕ್ಕೆ ಹೆಗಲು ಕೊಟ್ಟು, ಮುಂದೆ ಮೈಸೂರಿನ ಮೊದಲ ಭಾರತೀಯ ಕೀಟಶಾಸ್ತ್ರಜ್ಞರೆನಿಸಿದ ಕುಂಞಿ ಕಣ್ಣನ್ ನಮ್ಮ ನೆರೆಯ ಮಲಬಾರಿನವರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಅಡಿಕೆಯ ಕೊಳೆರೋಗದಲ್ಲೂ ಅವರು ಹಿಡಿದದ್ದು ಇದೇ ದಾರಿ. ನಮ್ಮವರು ಮಹಾಳಿ ಎನ್ನುವ ಈ ರೋಗದ ಕುರಿತು ಅವರ ಪ್ರಬಂಧ 1910ರಲ್ಲಿ ಪ್ರಕಟವಾಯಿತು. ರೋಗಕಾರಕ ಜೀವಿಯ ಎಳೆಯ ಕಣಗಳು ಮಳೆನೀರಿನ ಪದರದಲ್ಲಿ ಈಜಿ ಕಾಯಿಗೆ ತಗಲುತ್ತವೆ. ಒಳಹೊಕ್ಕ ಮೇಲೆ ಮದ್ದು ನಾಟುವುದು ಕಷ್ಟ. ಆದ್ದರಿಂದಲೇ ಮಳೆಗೆ ಮುಂಚೆ ಗೊನೆಗೆ ತಾಮ್ರದ ಲೇಪ ಬೇಕು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಬೋರ್ಡೋ ದ್ರಾವಣ ಹೀಗೆ ನಮ್ಮ ಮರ ಏರಿತು. ಅದಕ್ಕೆ ಮುಂಚೆ ಮಲೆನಾಡಿನಲ್ಲಿ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ರಕ್ಷಣೆಯಾಗಿತ್ತು.

ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ ಇವುಗಳ ಹಿಂದೆ ಅವರ ದುಡಿಮೆಯಿದೆ. ಕಾಫಿಯ ಕಾಂಡಕೊರಕದ ಪಾಠವೂ ಹೀಗೆಯೇ: ಗಿಡ ಕೊಲ್ಲುವುದು ಹಾರಾಡುವ ದುಂಬಿಯಲ್ಲ, ಮರದೊಳಗೆ ತಿಂಗಳುಗಟ್ಟಲೆ ಅಡಗಿ ಕೊರೆಯುವ ಮರಿಹುಳು. 1934ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದ ಕೋಲ್ಮನ್ 1954ರಲ್ಲಿ ತೀರಿಕೊಂಡರು.

ಹುಳು ಕಣ್ಣಿಗೆ ಬಿದ್ದ ಮೇಲೆ ಮದ್ದಿನಂಗಡಿಗೆ ಓಡುವ ಅಭ್ಯಾಸ ನಮ್ಮಲ್ಲಿ ಇಂದಿಗೂ ಇದೆ. ಯಾವ ಅವಸ್ಥೆ ಯಾವ ತಿಂಗಳಲ್ಲಿ, ಎಲ್ಲಿ ಅಡಗಿರುತ್ತದೆ ಎಂದು ತಿಳಿದವನಿಗೆ ಖರ್ಚು ಕಡಿಮೆ, ಫಲ ಹೆಚ್ಚು. ಈ ತಿಳಿವಳಿಕೆ ನಮ್ಮ ಮಕ್ಕಳಿಗೆ ಮನೆಮಾತಿನಲ್ಲೇ ದೊರೆಯುವಂತಾಗಲಿ ಎಂಬುದು ನಮ್ಮ ಆಶಯ.