ಕೆಂಪೇಗೌಡರು: ಕಾಲ್ನಡಿಗೆಯ ಊರು ಕಟ್ಟಿದ ನಾಡಪ್ರಭು



ಪ್ರತಿ ವರ್ಷ ಜೂನ್ 27ರಂದು ಕೆಂಪೇಗೌಡ ಜಯಂತಿ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ನೆಲೆಸಿರುವ ನಾವೂ ಆ ದಿನ ನಾಡಪ್ರಭುಗಳನ್ನು ನೆನೆಯೋಣ.

ಯಲಹಂಕ ನಾಡಿನ ಕೆಂಪನಂಜೇಗೌಡರ ಮಗನಾದ ಕೆಂಪೇಗೌಡರು ವಿಜಯನಗರದ ಸಾಮಂತರು. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದರು. ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿ, ಎತ್ತುಗಳು ಗೆರೆ ಎಳೆದಲ್ಲಿ ಬೀದಿ ಮಾಡಿಸಿದರೆಂದು ಜನ ಹೇಳುತ್ತಾರೆ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕವೇ ಊರಿನ ನಡು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅಲ್ಲಿನ ಕಸುಬನ್ನು ಹೇಳುತ್ತವೆ. ಮನೆ, ಅಂಗಡಿ, ಗುಡಿ, ಸಂತೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಕಸುಬಿನ ಜೊತೆಗೆ ಜಾತಿಯೂ ಬೀದಿಗಳನ್ನು ಹಂಚಿತ್ತು ಎಂಬುದನ್ನು ನಾವು ಮರೆಯಬಾರದು. ಆ ಭಾಗ ನಮಗೆ ಬೇಡ.

ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಆದ್ದರಿಂದ ತಗ್ಗಿಗೆ ಏರಿ ಹಾಕಿಸಿ ಮಳೆನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಸುತ್ತಲಿನ ಬಾವಿಗಳಿಗೂ ಒರತೆ. ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳನ್ನು ಅವರೇ ಕಟ್ಟಿಸಿದರೆಂಬುದು ಪ್ರತೀತಿ.

ಅವರ ಬಾಳು ಬರೀ ವೈಭವದ್ದಲ್ಲ. ಅಪ್ಪಣೆಯಿಲ್ಲದೆ ನಾಣ್ಯ ಟಂಕಿಸಿದ ಆರೋಪದ ಮೇಲೆ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದರೆಂದು ಪರಂಪರೆ ಹೇಳುತ್ತದೆ. ಬಿಡುಗಡೆಯಾಗಿ ಬಂದು ಮತ್ತೆ ನಾಡನ್ನಾಳಿ, 1569ರಲ್ಲಿ ತೀರಿಕೊಂಡರು.

ಇಂದು ಮೆಜೆಸ್ಟಿಕ್‌ನಲ್ಲಿ ನಾವು ಇಳಿಯುವ ಬಸ್ ನಿಲ್ದಾಣಕ್ಕೆ ಅವರದೇ ಹೆಸರು. ಆದರೆ ಆ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ! ಹೆಸರು ಉಳಿಸಿಕೊಂಡೆವು, ಕೆರೆ ಕಳೆದುಕೊಂಡೆವು. ಈಗ ಬೆಂಗಳೂರಿಗೆ ಕಾವೇರಿ ನೀರನ್ನು ದೂರದಿಂದ ಪಂಪು ಮಾಡಿ ಏರಿಸಬೇಕು.

ಇದು ನಮ್ಮ ಊರುಗಳ ಕಥೆಯೂ ಹೌದು. ಧರ್ಮಪುರಿಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ, ಕುಡಿಯುವ ನೀರಿಗೆ ಹೊಗೇನಕಲ್ ಕಡೆ ನೋಡಬೇಕಾಯಿತು. ಸೇಲಂನಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಲ್ಲಿ ಮಗ್ಗ ಮನೆಯೊಳಗೇ ಇರುತ್ತಿತ್ತು. ಕೆಲಸಕ್ಕೆ ಹೋಗಲು ಬಸ್ಸೂ ಬೇಡ, ಬೈಕೂ ಬೇಡ. ಊರಾಚೆ ಹೊಸ ಬಡಾವಣೆಯಲ್ಲಿ ಸೈಟು ಕೊಂಡ ನಾವು ಇಂದು ಹಾಲಿಗೂ ಗಾಡಿ ತೆಗೆಯುತ್ತೇವೆ.

ಜಯಂತಿಯಂದು ಚಿತ್ರಪಟಕ್ಕೆ ಹಾರ ಹಾಕೋಣ. ಜೊತೆಗೆ ಮಕ್ಕಳ ಕೈ ಹಿಡಿದು, ನಮ್ಮ ನಮ್ಮ ಊರಿನ ಕೆರೆಯ ಏರಿಯವರೆಗೆ ನಡೆದು ಹೋಗಿ ಬರೋಣ. ಅದರ ಹೆಸರನ್ನಾದರೂ ಅವರಿಗೆ ಹೇಳಿಕೊಡೋಣ.