ಮಣ್ಣೊಳಗಿನ ಕೆಲಸಗಾರರನ್ನು ಹುಡುಕಿದವರು: ಮಾರ್ಟಿನಸ್ ಬೈಯರಿಂಕ್

ಹಾಸ್ಟೆಲ್‌ನಲ್ಲಿ ಎರಡು ದಿನ ನೀರು ಬರದಿದ್ದರೆ ಟಾಯ್ಲೆಟ್ ಕಡೆಯಿಂದ ಮೂಗಿಗೆ ಬಡಿಯುವ ಘಾಟು ನಮ್ಮೆಲ್ಲರಿಗೂ ಗೊತ್ತಿರುವುದೇ. ಅದು ಅಮೋನಿಯಾ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವಂಥದ್ದು. ಇದೇ ಕ್ರಿಯೆಯನ್ನು ಬಳಸಿಕೊಂಡು ಪೈಲ್ ಫೌಂಡೇಶನ್ ಸುತ್ತಲಿನ ಸಡಿಲ ಮರಳನ್ನು ಕಲ್ಲಿನಂತೆ ಗಟ್ಟಿ ಮಾಡಬಹುದು ಅಂದರೆ ನಂಬ್ತೀರಾ? ಈ ಸಲ ನಾವು ಪರಿಚಯಿಸುತ್ತಿರುವುದು ಅಂಥ ಬ್ಯಾಕ್ಟೀರಿಯಾಗಳ ಬೆನ್ನು ಹತ್ತಿದ ವಿಜ್ಞಾನಿಯನ್ನು. ಅವರು ಓದಿದ್ದೂ, ಪಾಠ ಮಾಡಿದ್ದೂ ನಮ್ಮಂಥದ್ದೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಮಾರ್ಟಿನಸ್ ಬೈಯರಿಂಕ್ ಹುಟ್ಟಿದ್ದು 1851ರ ಮಾರ್ಚ್ 16ರಂದು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅದು ಮೆತ್ತನೆ ನೆಲದ ಊರು. ಅಲ್ಲಿನ ಅರಮನೆಯೊಂದರ ಕೆಳಗೇ 13,659 ಮರದ ಪೈಲುಗಳಿವೆ ಅಂತ ಹೇಳುತ್ತಾರೆ. ಅಪ್ಪ ತಂಬಾಕು ವ್ಯಾಪಾರದಲ್ಲಿ ಸೋತು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದವರು. ಹುಡುಗನಿಗೆ ಗಿಡಮರಗಳ ಹುಚ್ಚು. ಆದರೆ ಸೇರಿದ್ದು ಡೆಲ್ಫ್ಟ್‌ನ ಪಾಲಿಟೆಕ್ನಿಕ್, ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಇಷ್ಟ ಒಂದು, ಬ್ರಾಂಚ್ ಇನ್ನೊಂದು. ಈ ಕಥೆ ನಮ್ಮಲ್ಲಿ ಎಷ್ಟು ಜನರದ್ದಲ್ಲ! ಮುಂದೆ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದ ವ್ಯಾಂಟ್ ಹಾಫ್ ಅಲ್ಲಿ ಅವರ ಗೆಳೆಯ. 1872ರಲ್ಲಿ ಪದವಿ ಮುಗಿಸಿದ ಬೈಯರಿಂಕ್ ಮತ್ತೆ ಗಿಡಗಳ ಕಡೆಗೇ ಹೊರಳಿ, 1877ರಲ್ಲಿ ಲೈಡನ್‌ನಿಂದ ಡಾಕ್ಟರೇಟ್ ಪಡೆದರು.

ವಾಗೆನಿಂಗೆನ್ ಎಂಬ ಊರಿನ ಕೃಷಿ ಶಾಲೆಯಲ್ಲಿ ಕೆಲವು ವರ್ಷ ಮೇಷ್ಟ್ರಾಗಿದ್ದರು. 1885ರಲ್ಲಿ ಡೆಲ್ಫ್ಟ್‌ನ ಯೀಸ್ಟ್ ಕಾರ್ಖಾನೆ ಸೇರಿದರು. ಸಂಬಳ ಕೊಡುತ್ತಿದ್ದುದು ಕಾರ್ಖಾನೆ, ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ ಪ್ರಶ್ನೆಗಳು. ದ್ವಿದಳ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೇರ್ಪಡಿಸಿ ಬೆಳೆಸಿದ್ದು ಅಲ್ಲಿದ್ದಾಗಲೇ. 1895ರಲ್ಲಿ ತಾವು ಓದಿದ ಕಾಲೇಜಿಗೇ ಪ್ರಾಧ್ಯಾಪಕರಾಗಿ ವಾಪಸ್ ಬಂದರು. 1898ರಲ್ಲಿ ತಂಬಾಕಿನ ಎಲೆರೋಗಕ್ಕೆ ಕಾರಣ ಬ್ಯಾಕ್ಟೀರಿಯಾ ಅಲ್ಲ, ಪಿಂಗಾಣಿ ಸೋಸುಗದಿಂದಲೂ ನುಸುಳಿ ಹೋಗುವ ಏನೋ ಒಂದು ಅಂತ ಬರೆದರು. ವೈರಸ್ ಎಂಬ ಕಲ್ಪನೆ ಸ್ಪಷ್ಟವಾದದ್ದು ಹೀಗೆ. ಅಪ್ಪನ ಕೈ ಸುಟ್ಟ ತಂಬಾಕೇ ಮಗನಿಗೆ ಹೆಸರು ತಂದಿತು.

ಆದರೆ ನಮಗೆ ಅವರು ಮುಖ್ಯವಾಗುವುದು ಅವರು ಕೆಲಸ ಮಾಡಿದ ಕ್ರಮಕ್ಕಾಗಿ. ಒಂದು ಹಿಡಿ ಮಣ್ಣಿನಲ್ಲಿ ಲೆಕ್ಕವಿಲ್ಲದಷ್ಟು ಜೀವಿಗಳಿರುತ್ತವೆ. ಬೇಕಾದದ್ದನ್ನು ಹುಡುಕುವುದು ಹೇಗೆ? ಬೈಯರಿಂಕ್ ಹುಡುಕಲು ಹೋಗಲಿಲ್ಲ, ಅದೇ ಮುಂದೆ ಬರುವ ಹಾಗೆ ಮಾಡಿದರು. ಯಾವ ಜೀವಿ ಬೇಕೋ ಅದಕ್ಕೆ ಮಾತ್ರ ಒಗ್ಗುವ ಊಟ, ವಾತಾವರಣ ಕೊಡಬೇಕು. ಉಳಿದವು ಹಿಂದೆ ಬೀಳುತ್ತವೆ, ಬೇಕಾದದ್ದು ತುಂಬಿಕೊಳ್ಳುತ್ತದೆ. 1901ರಲ್ಲಿ ಹೀಗೇ ಪೋಷಕ ದ್ರವಕ್ಕೆ ಯೂರಿಯಾ ಸೇರಿಸಿ, ಯೂರಿಯಾ ಒಡೆಯುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿದರು. ಅಮೋನಿಯಾದಿಂದ ದ್ರವ ಕ್ಷಾರೀಯವಾದಂತೆ ಅದನ್ನು ತಡೆಯುವ ಗಟ್ಟಿಗರಷ್ಟೇ ಉಳಿದರು. ಆಗ ಅವರು ವಿವರಿಸಿದ ಒಂದು ಬ್ಯಾಕ್ಟೀರಿಯಾವನ್ನು ಇಂದು ಸ್ಪೋರೋಸಾರ್ಸಿನಾ ಯೂರಿಯೇ ಅನ್ನುತ್ತೇವೆ.

ಅದರ ಸೋದರ ಪ್ರಭೇದ ಸ್ಪೋರೋಸಾರ್ಸಿನಾ ಪಾಶ್ಚುರಿ. ಜಿಯೋಟೆಕ್ನಿಕಲ್ ಲ್ಯಾಬುಗಳಲ್ಲಿ ಮಣ್ಣು ಗಟ್ಟಿ ಮಾಡಲು ಬಹುಪಾಲು ಬಳಸುವುದು ಇದನ್ನೇ. ಕೆಲಸ ನಡೆಯುವುದು ಹೀಗೆ: ಮರಳಿಗೆ ಬ್ಯಾಕ್ಟೀರಿಯಾ ಹಾಯಿಸಿ, ಹಿಂದೆಯೇ ಯೂರಿಯಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಬಿಡುತ್ತಾರೆ. ಯೂರಿಯಾ ಒಡೆದು ಅಮೋನಿಯಂ, ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸೈಟ್ ಹರಳಾಗಿ, ಮರಳಿನ ಕಾಳು ಕಾಳು ತಾಗುವ ಕಡೆ ಅಂಟಿನಂತೆ ಕೂರುತ್ತದೆ. ಪೈಲ್ ಭಾರ ಹೊರುವುದು ಬುಡದಿಂದ ಮಾತ್ರ ಅಲ್ಲವಲ್ಲ, ಪಕ್ಕದ ಘರ್ಷಣೆಯಿಂದ ಕೂಡ. ಸುತ್ತಲಿನ ಮರಳು ಬೆಸೆದುಕೊಂಡರೆ ಆ ಹಿಡಿತ ಹೆಚ್ಚುತ್ತದೆ. ಕಾಳುಗಳ ನಡುವೆ ನೀರಿಗೆ ದಾರಿ ಉಳಿದೇ ಇರುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ ಮುಖ್ಯ ಪ್ರಯೋಗಗಳಲ್ಲೊಂದು ನಡೆದದ್ದೂ ಅದೇ ಡೆಲ್ಫ್ಟ್‌ನಲ್ಲಿ! 100 ಘನ ಮೀಟರ್ ಮರಳಿನಲ್ಲಿ ಸುಮಾರು 40 ಘನ ಮೀಟರ್ ಗಟ್ಟಿಯಾಯಿತು. 2010ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಬಲ ಮಾತ್ರ ಒಂದೇ ಸಮ ಇರಲಿಲ್ಲ, ಕೆಲವೆಡೆ 0.7 ಮೆಗಾಪಾಸ್ಕಲ್, ಕೆಲವೆಡೆ 12.4. ಡಿಸೈನ್ ಮಾಡುವವರಿಗೆ ಇದು ತಲೆನೋವೇ. ಉಳಿಯುವ ಅಮೋನಿಯಂ ಅಂತರ್ಜಲ ಸೇರದಂತೆ ನೋಡಿಕೊಳ್ಳಬೇಕು. ಜೇಡಿಮಣ್ಣಿನ ಸಣ್ಣ ಸಂದುಗಳಲ್ಲಿ ಬ್ಯಾಕ್ಟೀರಿಯಾ ಸರಾಗವಾಗಿ ಓಡಾಡಲೂ ಆಗದು. ಹೊರಗಿನ ಬ್ಯಾಕ್ಟೀರಿಯಾ ತರುವ ಬದಲು ಆ ನೆಲದಲ್ಲೇ ಇರುವವಕ್ಕೆ ಊಟ ಹಾಕಿ ಬೆಳೆಸುವ ಪ್ರಯತ್ನಗಳೂ ನಡೆದಿವೆ. ನೋಡಿದರೆ ಇದು ಬೈಯರಿಂಕ್ ಅವರ ವಿಧಾನವೇ, ಗಾಜಿನ ಫ್ಲಾಸ್ಕಿನ ಬದಲು ಸೈಟು ಅಷ್ಟೆ.

ಬ್ಯಾಕ್ಟೀರಿಯಾ ಎಲ್ಲ ಎಂಜಿನಿಯರ್‌ಗಳ ನೆಂಟರೇನೂ ಅಲ್ಲ. ಗಾಳಿಯಿಲ್ಲದ ಕೆಸರಿನಲ್ಲಿ ಸಲ್ಫೇಟನ್ನು ಸಲ್ಫೈಡ್ ಮಾಡುವ ಬ್ಯಾಕ್ಟೀರಿಯಾಗಳನ್ನು 1895ರಲ್ಲಿ ಗುರುತಿಸಿದವರೂ ಇವರೇ. ನೆಲದೊಳಗಿನ ಕಬ್ಬಿಣದ ಕೊಳವೆ, ಉಕ್ಕಿನ ಪೈಲು ಸವೆಯುವುದರಲ್ಲಿ ಅವುಗಳ ಕೈವಾಡವಿದೆ ಅಂತ ಆಮೇಲೆ ತಿಳಿಯಿತು. ಕಟ್ಟುವವರನ್ನೂ ಕೆಡವುವವರನ್ನೂ ಒಬ್ಬರೇ ತೋರಿಸಿಕೊಟ್ಟ ಹಾಗಾಯಿತು.

ಮನುಷ್ಯ ಮಾತ್ರ ಸುಲಭದವರಾಗಿರಲಿಲ್ಲ. ಸಿಡುಕು ಸ್ವಭಾವ, ವಿದ್ಯಾರ್ಥಿಗಳಿಗೆ ಅವರನ್ನು ಕಂಡರೆ ಭಯ. ಮದುವೆಯಾಗಲಿಲ್ಲ. ಅವರ ಜ್ಞಾನದ ಜೊತೆ ಆ ಬೈಗುಳವನ್ನೂ ನುಂಗಿಕೊಂಡ ಹುಡುಗರ ಬಗ್ಗೆ ನಮಗೆ ಕನಿಕರವಿದೆ, ಅದನ್ನು ಮುಚ್ಚಿಡುವುದಿಲ್ಲ. 1921ರಲ್ಲಿ, 70 ತುಂಬಿದಾಗ, ಲ್ಯಾಬ್ ಬಿಟ್ಟು ಗೋರ್ಸೆಲ್ ಎಂಬ ಊರಿಗೆ ಹೋಗಿ ಅಕ್ಕಂದಿರ ಜೊತೆ ಇದ್ದರು. ಅಲ್ಲಿ ಮತ್ತೆ ಗಿಡಗಳ ಸಹವಾಸ. 1931ರ ಜನವರಿ 1ರಂದು ತೀರಿಕೊಂಡರು.

ತಮ್ಮ ಯೂರಿಯಾ ಬ್ಯಾಕ್ಟೀರಿಯಾಗಳ ಬಂಧುಗಳು ಒಂದು ದಿನ ಪೈಲಿಗೆ ಆಸರೆಯಾಗುತ್ತವೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಸಿವಿಲ್‌ನವರಾದ ನಮಗೂ ಇದು ಗೊತ್ತಾದದ್ದು ಬಯೋಟೆಕ್‌ನ ಗೆಳೆಯರೊಬ್ಬರು ಕ್ಯಾಂಟೀನಿನಲ್ಲಿ ಹೇಳಿದಾಗ. ಮುಂದಿನ ಸೆಮಿಸ್ಟರ್‌ನಲ್ಲಿ ಸೀವ್ ಅನಾಲಿಸಿಸ್ ಮುಗಿದ ಮೇಲೆ ಆ ಮರಳನ್ನು ಬಿಸಾಡಬೇಡಿ. ಒಂದು ಡಬ್ಬಿ ಎತ್ತಿಟ್ಟು ಪಕ್ಕದ ಬ್ಲಾಕಿನವರ ಬಾಗಿಲು ತಟ್ಟಿ. ಮೇಷ್ಟ್ರನ್ನು ಕೇಳುವ ಕೆಲಸ ನಮಗಿರಲಿ.